ಚಾಕುವಿಗೆ ಶಿಕ್ಷೆ

"ಸೂರ್ಯ ಮುಳುಗುವುದರೊಳಗೆ ಆ ಸಾಣೆಗಾರ ನನ್ನ ಸೀಮೆ ಬಿಟ್ಟು ತೊಲಗಬೇಕು!"

ಕೆಂಗಲ್ಲುದುರ್ಗದ ದೊರೆ ಭೈರಸ ನಾಯಕ ಗುಡುಗಿದ. ಅವನ ಎಡಗೈ ಹೆಬ್ಬೆರಳಿಗೆ ಬದನೆಕಾಯಿ ಗಾತ್ರದ ಬಟ್ಟೆ ಸುತ್ತಿತ್ತು.

ದೊರೆಗೆ ತೋತಾಪುರಿ ಮಾವಿನಕಾಯಿ ಎಂದರೆ ಪ್ರಾಣ. ತಾನೇ ಹೆಚ್ಚಿ, ಉಪ್ಪುಖಾರ ಹಚ್ಚಿ ತಿನ್ನಬೇಕು. ಅದಕ್ಕೆಂದೇ ದಂತದ ಹಿಡಿಯ ಚಾಕುವೊಂದನ್ನು ಸದಾ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದ. ಅಂದು ಆ ಚಾಕು ಕಾಯಿಯನ್ನು ಬಿಟ್ಟು ಬೆರಳನ್ನು ಕಚ್ಚಿತ್ತು.

ಭಟರು ಸಾಣೆಗಾರ ಇಮಾಮಸಾಬನನ್ನು ಅವನ ಸಾಣೆಚಕ್ರದ ಸಮೇತ ಎಳೆತಂದರು.

"ಹೆಂಡತಿಗೆ ದಿನ ತುಂಬಿದೆ, ಬುದ್ಧೀ. ಈ ಬಿಸಿಲಲ್ಲಿ ಅವಳನ್ನು ಎಲ್ಲಿಗಂತ ಕರಕೊಂಡು ಹೋಗಲಿ?" ಎಂದು ಅವನು ಅಂಗಲಾಚಿದ.

"ನನ್ನ ಬೆರಳು ಕತ್ತರಿಸುವಷ್ಟು ಹರಿತ ಮಾಡುವಾಗ ಇದು ನೆನಪಿರಲಿಲ್ಲವೇ?"

ಇಮಾಮಸಾಬ ಏನೋ ಹೇಳಲು ಬಾಯಿ ತೆರೆದ. ದೊರೆಯ ಮುಖ ನೋಡಿ ಮುಚ್ಚಿಕೊಂಡ.

ಆಸ್ಥಾನದಲ್ಲಿ ಸಿದ್ದವ್ವ ಎಂಬಾಕೆ ಇದ್ದಳು. ದೊರೆಯನ್ನು ನಗಿಸುವುದು ಅವಳ ಕೆಲಸ. ನಗಿಸುತ್ತಲೇ ಬುದ್ಧಿ ಹೇಳುವುದು ಅವಳ ಚಟ. ಆಕೆ ಎದ್ದು ನಿಂತಳು.

"ಗಡಿಪಾರು ಸರಿಯೇ, ಪ್ರಭು. ಆದರೆ ಕಚ್ಚಿದ್ದು ಚಾಕು. ಅದನ್ನು ಸುಮ್ಮನೆ ಬಿಡುವುದೇ?"

ದೊರೆಗೆ ಹೌದೆನ್ನಿಸಿತು. "ಅದನ್ನು ಬಾವಿಗೆ ಎಸೆಯಿರಿ!"

"ಅಯ್ಯೋ, ಈ ಬೇಸಿಗೆಯಲ್ಲಿ ತಣ್ಣಗಿನ ನೀರಿನಲ್ಲಿ ಹಾಯಾಗಿ ಮಲಗುತ್ತದೆ. ಅದೂ ಒಂದು ಶಿಕ್ಷೆಯೇ?"

"ಹಾಗಾದರೆ ನೀನೇ ಹೇಳು. ಘೋರವಾದದ್ದು ಹೇಳು."

"ಮುಖವನ್ನು ಕಲ್ಲಿಗೆ ಒತ್ತಿ ಹಿಡಿದು ಬೆಂಕಿ ಕಿಡಿ ಹಾರುವವರೆಗೆ ತಿಕ್ಕಿಸಬೇಕು. ಆಮೇಲೆ ನುಣುಪಾದ ಕಲ್ಲಿಗೆ ಇನ್ನೊಂದು ಸಲ. ಕೊನೆಗೆ ತೊಗಲಿನ ಪಟ್ಟಿಯ ಮೇಲೆ ಎಡಗೆನ್ನೆಗೊಂದು, ಬಲಗೆನ್ನೆಗೊಂದು."

"ಭಲೇ! ನನಗೆ ನೋವು ಮಾಡಿದವರು ಯಾರೇ ಇರಲಿ, ಇದೇ ಶಿಕ್ಷೆ! ಯಾರು ಮಾಡುತ್ತಾರೆ?"

"ಇಗೋ, ಇಮಾಮಸಾಬ ಇದ್ದಾನಲ್ಲ. ಇದೊಂದು ಮುಗಿಸಿ ಹೋಗಲಿ."

ಚಕ್ರ ತಿರುಗಿತು. ಚಾಕು ಕಿರ್ರೆಂದು ಕಿರುಚಿತು, ಕಿಡಿ ಚಿಮ್ಮಿತು. ದೊರೆ ಸಿಂಹಾಸನದ ತುದಿಗೆ ಬಂದು ಕುಳಿತ. "ಹಾಗೇ ಆಗಬೇಕು ಅದಕ್ಕೆ! ಇನ್ನೂ ತಿಕ್ಕು!" ಎಂದು ತೊಡೆ ತಟ್ಟಿದ. ನುಣುಪುಗಲ್ಲು ಆಯಿತು, ತೊಗಲಿನ ಪಟ್ಟಿಯ ಏಟೂ ಆಯಿತು.

ಸಿದ್ದವ್ವ ಒಂದು ತೋತಾಪುರಿ ತಂದಿಟ್ಟಳು. "ಬುದ್ಧಿ ಬಂದಿದೆಯೋ ಇಲ್ಲವೋ, ತಾವೇ ನೋಡಿ ಪ್ರಭು. ಅದುಮಬೇಡಿ. ಹಾಗೇ ಸುಮ್ಮನೆ ಎಳೆಯಿರಿ."

ದೊರೆ ಅಂಜುತ್ತ ಅಂಜುತ್ತ ಚಾಕು ಇಟ್ಟ. ಎಳೆದದ್ದೇ ತಡ, ವೀಳ್ಯದೆಲೆಯಷ್ಟು ತೆಳ್ಳಗಿನ ಹೋಳು ಜಾರಿ ತಟ್ಟೆಗೆ ಬಿತ್ತು. ಇನ್ನೊಂದು ಬಿತ್ತು. ಮತ್ತೊಂದು ಬಿತ್ತು. ಬೆರಳ ಹತ್ತಿರ ಅದು ಸುಳಿಯಲೇ ಇಲ್ಲ.

"ಇದು ಅದೇ ಚಾಕುವೇ?"

"ಅದೇ. ಬೆಳಿಗ್ಗೆ ಮೊಂಡಾಗಿತ್ತು. ಮೊಂಡು ಅಲಗು ಸಿಪ್ಪೆಯೊಳಗೆ ಇಳಿಯುವುದಿಲ್ಲ. ತಾವು ಬಲ ಹಾಕಿ ಅದುಮಿದಿರಿ, ಅದು ಜಾರಿ ಬೆರಳಿಗೆ ಬಂತು. ಹರಿತ ಇದ್ದಿದ್ದರೆ ಕಾಯಿ ಕತ್ತರಿಸಿಕೊಂಡು ತನ್ನ ಪಾಡಿಗೆ ತಾನು ಹೋಗುತ್ತಿತ್ತು."

"ಮೊಂಡಾಗಿತ್ತೇ?" ದೊರೆ ಇಮಾಮಸಾಬನ ಕಡೆ ತಿರುಗಿದ. "ಮತ್ತೆ ಯಾಕೆ ಸಾಣೆ ಹಿಡಿಯಲಿಲ್ಲ ನೀನು?"

"ಪ್ರತಿ ಆಯುಧಪೂಜೆಗೂ ಕೇಳಿದೆ, ಬುದ್ಧೀ. ತಾವು ಕೊಡಲಿಲ್ಲ. 'ನನ್ನ ಚಾಕು ಮುಟ್ಟಿದರೆ ಕೈ ತೆಗೆಸುತ್ತೇನೆ' ಅಂದಿರಿ."

ಮಂತ್ರಿ ಮೇಲ್ಛಾವಣಿ ನೋಡಿದ. ಸೇನಾಪತಿ ತನ್ನ ಚಪ್ಪಲಿ ನೋಡಿಕೊಂಡ.

ದೊರೆ ಮಾವಿನ ಹೋಳೊಂದನ್ನು ನಿಧಾನವಾಗಿ ಅಗಿದು ನುಂಗಿದ. "ತಪ್ಪು ಇಮಾಮಸಾಬನದಲ್ಲ ಎಂದಾಯಿತು. ಈ ಬಡಪಾಯಿ ಚಾಕುವಿನದೂ ಅಲ್ಲ. ಹಾಗಾದರೆ ನನ್ನ ಬೆರಳು ಕುಯ್ದವರು ಯಾರು, ಸಿದ್ದವ್ವಾ? ಹೆದರಬೇಡ, ಹೆಸರು ಹೇಳು."

"ಹೇಳಲು ನನಗೇನೂ ಹೆದರಿಕೆಯಿಲ್ಲ, ಪ್ರಭು," ಎಂದಳು ಸಿದ್ದವ್ವ ಕೈಮುಗಿದು. "ಆದರೆ ಶಿಕ್ಷೆ ಏನೆಂದು ತಾವೇ ಸಾರಿಬಿಟ್ಟಿದ್ದೀರಿ. ಅವರ ಮುಖವನ್ನು ಕಲ್ಲಿಗೆ ಒತ್ತಿ ಹಿಡಿಯಲು ಇಮಾಮಸಾಬನಿಗೆ ಧೈರ್ಯ ಬರಬೇಕಲ್ಲ!"

ದೊರೆಯ ಕೈ ತಾನಾಗಿಯೇ ಮೂಗಿನ ಮೇಲೆ ಹೋಯಿತು. ಮರುಕ್ಷಣ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆಗ ಸಭೆಗೂ ನಗುವ ಧೈರ್ಯ ಬಂತು.

ಅಂದೇ ಅರಮನೆಯ ಅಡುಗೆಮನೆಯ ಈಳಿಗೆಯಿಂದ ಹಿಡಿದು ಸೇನಾಪತಿಯ ಕತ್ತಿಯವರೆಗೆ ಎಲ್ಲ ಅಲಗುಗಳನ್ನೂ ಇಮಾಮಸಾಬನ ವಶಕ್ಕೆ ಕೊಡಲಾಯಿತು. ಅವನ ಹೆಂಡತಿಯನ್ನು ಹೆರಿಗೆಗೆ ಕರೆತರಲು ಅರಮನೆಯ ಪಲ್ಲಕ್ಕಿಯೇ ಹೊರಟಿತು. ಸಿದ್ದವ್ವನಿಗೆ ಸಿಕ್ಕಿದ್ದು ಒಂದು ಬುಟ್ಟಿ ತೋತಾಪುರಿ, ಜೊತೆಗೆ ದೊರೆಯೇ ಕೂತು ಹೆಚ್ಚಿಕೊಟ್ಟ ಒಂದು ತಟ್ಟೆ ಹೋಳು.