ಚುಕ್ಕೆಯಿಲ್ಲದ ಹೊಲ

"ಗುರುಗಳೇ, ಬೀಜ ಪರೀಕ್ಷೆಯ ಹೊಲವನ್ನು ಸುಟ್ಟವನಿಗೂ ಅದರಲ್ಲಿ ನಾಲ್ಕು ಪೈರು ಕಿತ್ತವನಿಗೂ ಕಟ್ಟಳೆ ಒಂದೇ ದಂಡವನ್ನು ವಿಧಿಸುತ್ತದೆ. ಇದು ನ್ಯಾಯವೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಂದು ನಾಡಿನಲ್ಲಿ ರಾಗಿಗೆ ಬೆಂಕಿ ರೋಗ ಬೀಳುತ್ತಿತ್ತು. ಎಲೆಯ ಮೇಲೆ ಚುಕ್ಕೆ ಮೂಡಿ, ಕಡೆಗೆ ತೆನೆ ಜೊಳ್ಳಾಗುತ್ತಿತ್ತು. ಪಂಡಿತನೊಬ್ಬ ಹೊಸ ಬೀಜವೊಂದನ್ನು ತಂದು, ಪ್ರತಿ ವರ್ಷವೂ ರೋಗ ಬರುವ ಹೊಲದಲ್ಲೇ ಬೇಕೆಂದು ಬಿತ್ತಿದ. ಅಲ್ಲಿ ಉಳಿದರೆ ಅದು ಎಲ್ಲಿ ಬಿತ್ತಿದರೂ ಉಳಿದೀತು. ಆ ಹೊಲದ ಬೇಲಿ ದಾಟಿ ಕೈಯಿಟ್ಟವರಿಗೆ ಸೆರೆ ಎಂದು ಅರಸ ಡಂಗುರ ಹೊಡೆಸಿದ.

ಹಳೆಯ ಬೀಜ ಮಾರುವ ವ್ಯಾಪಾರಿಯೊಬ್ಬ, ಇನ್ನು ತನ್ನನ್ನು ಕೇಳುವವರಿಲ್ಲವೆಂದು ಹೆದರಿ ಹೊಲಕ್ಕೆ ಬೆಂಕಿಯಿಟ್ಟ. ಅವನನ್ನು ಹಿಡಿದು ಸೆರೆಗೆ ಹಾಕಿದರು. ಪಂಡಿತ ಬೂದಿಯನ್ನು ಉತ್ತು, ಮರುವರ್ಷ ಉಳಿದ ಬೀಜವನ್ನು ಬಿತ್ತಿ ರಾಜಧಾನಿಗೆ ಹೋದ.

ಪಕ್ಕದ ಹೊಲದಲ್ಲಿ ಒಬ್ಬ ರೈತನಿದ್ದ. ರೋಗದ ಪೈರು ಯಾರ ಹೊಲದಲ್ಲಿದ್ದರೂ ಕಂಡವರು ಕಿತ್ತು ಹೂಳಬೇಕೆಂಬುದು ಅವನ ಊರಿನ ರೂಢಿ. ಅವನು ಬೇಲಿ ದಾಟಿ ಚುಕ್ಕೆ ಬಿದ್ದ ಪೈರುಗಳನ್ನು ಕಿತ್ತ. ಒತ್ತಾಗಿ ಬೆಳೆದಿದ್ದ ಕಡೆಯಿಂದ ಒಳ್ಳೆಯ ಪೈರು ತಂದು ತೆರಪಿನಲ್ಲಿ ನೆಟ್ಟ.

ತೆನೆ ಬಲಿತಾಗ ಪಂಡಿತ ಬಂದು ನೋಡಿದ. ಒಂದು ಚುಕ್ಕೆಯೂ ಇರಲಿಲ್ಲ. ಬೀಜ ರೋಗವನ್ನು ಗೆದ್ದಿತೆಂದು ನಂಬಿ ಅವನು ಅದನ್ನು ಊರಿನವರಿಗೆಲ್ಲ ಹಂಚಿದ.

"ನಮ್ಮನ್ನೂ ಸ್ವಲ್ಪ ಹೊಗಳಿ, ಪಂಡಿತರೇ. ಬರಿಯ ಓದಿನಿಂದ ಹೊಲ ಹೀಗೆ ಬರುತ್ತದೆಯೇ?" ಎಂದ ರೈತ.

"ಹೌದಪ್ಪ, ಬೇಲಿಯಾಚೆಯಿಂದ ನಿನ್ನ ಗಾಳಿ ಸೋಕಿರಬೇಕು," ಎಂದ ಪಂಡಿತ. ಎಲ್ಲರೂ ನಕ್ಕರು.

ಮುಂದಿನ ಮಳೆಗಾಲದಲ್ಲಿ ಊರೆಲ್ಲ ಆ ಬೀಜವನ್ನೇ ಬಿತ್ತಿತು. ರೋಗ ಬಂತು. ಕಣಕ್ಕೆ ಬಂದದ್ದು ಹೊಟ್ಟು. ಆ ಬೇಸಿಗೆಯ ಹಸಿವಿನಲ್ಲಿ ಊರಿನ ಕೆಲವು ತೊಟ್ಟಿಲುಗಳು ಬರಿದಾದವು. ಅವುಗಳಲ್ಲಿ ಒಂದು ರೈತನ ಮನೆಯದು.

ರೈತ ತಾನೇ ನ್ಯಾಯಾಧಿಕಾರಿಯ ಬಳಿಗೆ ಹೋಗಿ ನಡೆದದ್ದನ್ನು ಹೇಳಿದ.

"ಡಂಗುರ ಕೇಳಿಯೂ ಯಾಕೆ ಕಿತ್ತೆ?"

"ಪಾಪ, ರೋಗ ಬಿದ್ದ ಪೈರು, ಸ್ವಾಮಿ. ಹಾಗೆಯೇ ಬಿಟ್ಟು ಹೋಗಲು ಮನಸ್ಸು ಬರಲಿಲ್ಲ."

ನ್ಯಾಯಾಧಿಕಾರಿ ವ್ಯಾಪಾರಿಗೆ ಕೊಟ್ಟಷ್ಟೇ ಸೆರೆಯನ್ನು ರೈತನಿಗೂ ಕೊಟ್ಟ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ರೈತನ ಮನಸ್ಸು ಒಳ್ಳೆಯದಿತ್ತಲ್ಲ, ಗುರುಗಳೇ. ಅವನಿಗಿಂತ ಸುಟ್ಟವನೇ ಕೆಟ್ಟವನಲ್ಲವೇ?"

"ಕೆಟ್ಟವನೇ, ಮಗು. ಆದರೆ ಸುಟ್ಟ ಹೊಲ ಯಾರಿಗೂ ಸುಳ್ಳು ಹೇಳಲಿಲ್ಲ."