ಬೊಜೆನಾಳ ಕಂಚು

ಪೋಲೆಂಡಿನಲ್ಲಿ, ವಿಸ್ತುಲಾ ನದಿಯ ದಡದ ಒಂದು ಮೈದಾನದಲ್ಲಿ, ವಿತೋಲ್ಡ್ ಎಂಬ ಗುರುಗಳು ಹುಡುಗಿಯರಿಗೆ ಹ್ಯಾಮರ್ ಎಸೆಯುವುದನ್ನು ಕಲಿಸುತ್ತಿದ್ದರು.

ಹೆಸರಿಗೆ ಸುತ್ತಿಗೆ; ನಿಜಕ್ಕೆ ಅದು ನಾಲ್ಕು ಕಿಲೋ ಕಬ್ಬಿಣದ ಗುಂಡು. ಗುಂಡಿಗೊಂದು ತಂತಿ, ತಂತಿಯ ತುದಿಗೊಂದು ಹಿಡಿ. ಒಂದು ವೃತ್ತದೊಳಗೆ ಗಿರಗಿರನೆ ತಿರುಗಿ ಬಿಡಬೇಕು. ವೃತ್ತದಾಚೆ ಕಾಲಿಟ್ಟರೆ ಎಸೆತ ಲೆಕ್ಕಕ್ಕಿಲ್ಲ.

ಬೊಜೆನಾ ಅವರ ಬಳಿ ಬಂದಾಗ ಇನ್ನೂ ಶಾಲೆಯ ಹುಡುಗಿ. ದೋಣಿಯವನ ಮಗಳು, ಗಟ್ಟಿ ತೋಳಿನವಳು. ನಿಂತಲ್ಲಿ ನಿಲ್ಲುತ್ತಿರಲಿಲ್ಲ.

"ಗುರುಗಳೇ, ಇನ್ನೂ ಜೋರಾಗಿ ತಿರುಗಲಾ?"

"ತಿರುಗು."

ತಿರುಗಿದಳು. ವೃತ್ತದಾಚೆ ಬಿದ್ದಳು.

"ಇನ್ನೂ ಜೋರಾಗಿ?"

"ತಿರುಗು."

ಮತ್ತೆ ಬಿದ್ದಳು. ಮೊಣಕಾಲು ತರಚಿ ರಕ್ತ ಬಂತು.

"ನಿಧಾನ ಅಂತ ಒಂದು ಮಾತು ಹೇಳಬಾರದಿತ್ತಾ?" ಎಂದು ಸಿಡುಕಿದಳು.

"ಹೇಳಿದ್ದರೆ ಕೇಳ್ತಿದ್ದೆಯಾ?"

ಬೊಜೆನಾ ನಕ್ಕುಬಿಟ್ಟಳು. ಅಂದಿನಿಂದ ಕಲಿಯತೊಡಗಿದಳು.

ಕೆಲವೇ ವರ್ಷಗಳಲ್ಲಿ ಅವಳು ದೇಶದ ಚಾಂಪಿಯನ್ ಆದಳು. ಆಮೇಲೆ ಒಲಿಂಪಿಕ್ಸ್‌ಗೆ ಹೋದಳು. ಕೊನೆಯ ಎಸೆತದಲ್ಲಿ ಗುಂಡು ಎಪ್ಪತ್ತಮೂರು ಮೀಟರ್ ದಾಟಿತು. ಅಷ್ಟು ದೂರ ಅವಳು ಎಂದೂ ಎಸೆದಿರಲಿಲ್ಲ.

ಆದರೂ ನಾಲ್ಕನೆಯವಳಾದಳು. ಕಂಚಿನ ಪದಕ ಪಡೆದ ಮೂರನೆಯವಳಿಗಿಂತ ಒಂದು ಗೇಣು ಹಿಂದೆ.

ಆ ಗೇಣು ಅವಳ ನಿದ್ದೆ ಕೆಡಿಸಿತು. ಜ್ವರ ಬಂದರೂ ಎಸೆದಳು, ಹಿಮ ಬಿದ್ದರೂ ಎಸೆದಳು. ತಂಗಿಯ ಮದುವೆಯ ದಿನವೂ ಮೈದಾನದಲ್ಲಿದ್ದಳು. ಗುಂಡು ಮಾತ್ರ ಮತ್ತೆ ಅಷ್ಟು ದೂರ ಹೋಗಲೇ ಇಲ್ಲ.

"ವಿಶ್ರಾಂತಿ ತಗೋ," ಎಂದರು ವಿತೋಲ್ಡ್.

"ಆ ಕಂಚು ಸಿಗಲಿ, ತಗೋತೀನಿ."

ಕಂಚು ಸಿಗುವ ಮೊದಲೇ ಬೆನ್ನು ಕೈಕೊಟ್ಟಿತು. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು, ಇನ್ನು ಹ್ಯಾಮರ್ ಮುಟ್ಟಬೇಡ ಎಂದರು. ಅವಳು ಮೈದಾನಕ್ಕೆ ಬರುವುದನ್ನೇ ಬಿಟ್ಟಳು.

ವರ್ಷಗಳ ಮೇಲೆ ಒಂದು ಸುದ್ದಿ ಬಂತು. ಅಂದು ಮೂರನೆಯವಳಾದವಳು ನಿಷೇಧಿತ ಔಷಧಿ ತೆಗೆದುಕೊಂಡಿದ್ದಳಂತೆ. ಅಂದು ತೆಗೆದಿಟ್ಟ ಮೂತ್ರದ ಮಾದರಿಯನ್ನು ಮತ್ತೆ ಪರೀಕ್ಷಿಸಿದಾಗ ಗೊತ್ತಾಯಿತಂತೆ. ಅವಳ ಪದಕವನ್ನು ಕಿತ್ತುಕೊಂಡು ಬೊಜೆನಾಳನ್ನು ಕರೆದರು. ಒಂದು ಕಚೇರಿಯ ಕೋಣೆಯಲ್ಲಿ ಕೈಕುಲುಕಿ, ಫೋಟೋ ತೆಗೆದು, ಕಂಚನ್ನು ಕೊಟ್ಟು ಕಳಿಸಿದರು.

ಅವಳು ನೇರವಾಗಿ ನದಿಯ ದಡಕ್ಕೆ ಬಂದಳು.

ವಿತೋಲ್ಡ್‌ಗೆ ಈಗ ತುಂಬಾ ವಯಸ್ಸಾಗಿತ್ತು. ಹುಡುಗಿಯರು ಅಭ್ಯಾಸ ಮುಗಿಸಿ ಹೋಗಿದ್ದರು. ಗುಂಡುಗಳು ಬಿದ್ದಲ್ಲೆಲ್ಲ ನೆಲದಲ್ಲಿ ಗುಳಿ. ಗುರುಗಳು ಸಲಿಕೆ ಹಿಡಿದು ಒಂದೊಂದಕ್ಕೂ ಮಣ್ಣು ತುಂಬುತ್ತಿದ್ದರು.

ಬೊಜೆನಾ ಪದಕವನ್ನು ಅವರ ಮುಂದೆ ಹಿಡಿದಳು.

ಅವರು ತಿರುಗಿಸಿ ಮುರುಗಿಸಿ ನೋಡಿದರು. "ಚೆನ್ನಾಗಿದೆ. ನ್ಯಾಯವಾಗಿ ನಿನ್ನದೇ."

"ಆದರೂ ಸಂಕಟ ಹೋಗ್ತಿಲ್ಲ ಗುರುಗಳೇ. ಸಾವಿರಾರು ಜನರ ಮುಂದೆ ಅವಳು ಅದನ್ನು ಹಾಕಿಕೊಂಡಳು. ನನಗೆ ಕೋಣೆಯಲ್ಲಿ ಕೊಟ್ಟರು."

"ಆ ದಿನ ನಿನ್ನ ಗುಂಡು ಎಷ್ಟು ದೂರ ಹೋಗಿತ್ತು?"

"ಎಪ್ಪತ್ತಮೂರು ಮೀಟರ್."

"ಪದಕ ಬಂದಮೇಲೆ?"

"ಅಷ್ಟೇ. ಅದು ಹೇಗೆ ಬದಲಾಗುತ್ತೆ?"

ವಿತೋಲ್ಡ್ ಇನ್ನೊಂದು ಗುಳಿಗೆ ಮಣ್ಣು ಹಾಕಿ, ಕಾಲಿನಿಂದ ಒತ್ತಿದರು. ಬೊಜೆನಾ ಅತ್ತಿಂದಿತ್ತ ಓಡಾಡುತ್ತಲೇ ಇದ್ದಳು.

"ಬೆಳಗಾಗೆದ್ದರೆ ಅದೇ ಒಲಿಂಪಿಕ್ಸ್ ಮೈದಾನ, ಅದೇ ಗೇಣು," ಎಂದಳು. "ಅಲ್ಲಿಂದ ಈಚೆ ಬರೋಕೆ ಆಗ್ತಿಲ್ಲ."

"ನಿನ್ನ ಗುಂಡು ಬಿದ್ದ ಆ ಗುಳಿ ಅಲ್ಲಿ ಇನ್ನೂ ಇದೆಯಾ?"

"ಎಲ್ಲಿರುತ್ತೆ? ಅವತ್ತು ಸಂಜೆಯೇ ಮುಚ್ಚಿರ್ತಾರೆ."

ಗುರುಗಳು ಸಲಿಕೆಯನ್ನು ಅವಳ ಕೈಗಿತ್ತರು.

"ಮತ್ತೆ ನೀನು ಯಾವುದರೊಳಗೆ ನಿಂತಿದ್ದೀಯ, ಮಗಳೇ?"