ಮಾಂಜಾ ದಾರದ ಗೀರು

ಪೂವಯ್ಯನವರ ಗಾಜಿನ ಕಪಾಟಿನಲ್ಲಿ ಕೈಯಿಂದಲೇ ಮಾಡಿದ ಅಪರೂಪದ ಮಡಚುಚಾಕುಗಳು ಮಖಮಲ್ಲಿನ ಮೇಲೆ ಸದಾ ಅರೆನಿದ್ದೆಯಲ್ಲಿ ತೇಲುತ್ತಿದ್ದವು. ಒಂದು ಬೆಳಗ್ಗೆ ಅವರು ಕೊಂಬಿನ ಹಿಡಿಯ ಚಾಕುವನ್ನು ಬಿಚ್ಚಿ, ಎಣ್ಣೆ ಹಚ್ಚಿ, ಕಿಟಕಿಯ ಬಿಸಿಲಿಗಿಟ್ಟು ಒಳಗೆ ಹೋದರು. ಕಾಲಿಗೆ ಗಾಳಿಪಟದ ಮಾಂಜಾ ದಾರ ಸುತ್ತಿಕೊಂಡ ಪಾರಿವಾಳವೊಂದು ಅಲ್ಲಿಗೆ ಬಂದು ಬಿತ್ತು.

"ಅಣ್ಣಾ, ಈ ದಾರವನ್ನು ನಿನ್ನ ಅಲಗಿಗೆ ಉಜ್ಜಿಕೊಳ್ಳಲೇ?" ಎಂದು ಕೇಳಿತು.

"ಬೇಡವೆನ್ನು! ಅದರಲ್ಲಿ ಗಾಜಿನ ಪುಡಿಯಿದೆ. ಒಂದು ಗೀರು ಬಿದ್ದರೂ ನಿನಗಿಲ್ಲಿ ಜಾಗವಿಲ್ಲ," ಎಂದು ಕಪಾಟಿನ ಚಾಕುಗಳು ಕೂಗಿದವು.

ಕೊಂಬಿನ ಚಾಕು ಹಕ್ಕಿಯ ಊದಿದ ಕಾಲನ್ನು ನೋಡಿತು. "ಉಜ್ಜಿಕೋ ತಾಯಿ," ಎಂದಿತು.

ದಾರ ತುಂಡಾಗಿ ಪಾರಿವಾಳ ಹಾರಿಹೋಯಿತು. ಅಲಗಿನ ಗೀರು ಕಂಡ ಪೂವಯ್ಯನವರು ನಿಟ್ಟುಸಿರಿಟ್ಟು, ಚಾಕುವನ್ನು ಅಡುಗೆಮನೆಯಲ್ಲಿಟ್ಟರು. ಸೀಬೆಹಣ್ಣಿನ ಒಳಗೆ ಎಷ್ಟು ತಂಪಿರುತ್ತದೆಂಬುದು ಆ ಸಂಜೆ ಅದಕ್ಕೆ ಮೊದಲ ಬಾರಿಗೆ ತಿಳಿಯಿತು.